ಹೆಬ್ಬೆಟ್ಟಿನ ಪುಟ

ನಮ್ಮ ಹಾಜರಿ ಗುಮಾಸ್ತ ಉಜ್ಜನಪ್ಪನವರು ಒಬ್ಬ ಅನಕ್ಷರಸ್ಥನನ್ನು ಹದಿನೇಳೇ ದಿನದಲ್ಲಿ ಕತ್ತಲೆಯಿಂದ ಬೆಳಕಿಗೆ ತಂದರೆಂಬ ಸುದ್ದಿ 1998ರ ಬೇಸಿಗೆಯಲ್ಲಿ ದಾವಣಗೆರೆಯ ಒಂದು ಪತ್ರಿಕೆಯ ಮೂರನೇ ಪುಟದಲ್ಲಿ, ಹತ್ತಿಬೀಜದ ಜಾಹೀರಾತಿನ ಪಕ್ಕದಲ್ಲಿ ಬಂದಿತ್ತು. ಸುದ್ದಿ ಸುಳ್ಳಲ್ಲ. ಹಾಗಂತ ನಿಜವೂ ಅಲ್ಲ. ನಡುವೆ ಏನಿತ್ತೆಂದು ನಾನೇ ಹೇಳಬೇಕು, ಏಕೆಂದರೆ ಆ ಪವಾಡಕ್ಕೆ ಕನ್ನಡಿ ತಂದುಕೊಟ್ಟವನು ನಾನು.

ನಾನು ಬಕ್ಕೇಶ. ಹರಿಹರದಲ್ಲಿ ನೀರೆತ್ತುವ ಪಂಪುಗಳಿಗೆ ಎರಕ ಹೊಯ್ಯುವ ಸಣ್ಣ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ನಟ್ಟು ಬೋಲ್ಟು ಕೊಡುವುದು, ಚೀಟಿ ಇಸಿದುಕೊಳ್ಳುವುದು, ಇಷ್ಟೇ ಕೆಲಸ. ಉಳಿದ ಹೊತ್ತು ಕಂಡದ್ದಕ್ಕೆಲ್ಲ "ಯಾಕೆ" ಎಂದು ಕೇಳುವುದು ನನ್ನ ಚಾಳಿ. ನಮ್ಮಪ್ಪ ಇದೇ ಕಾರಣಕ್ಕೆ ನನಗೆ ಎರಡು ಸಲ ಹೊಡೆದಿದ್ದರು. ಯಾಕೆ ಹೊಡೆದಿರಿ ಎಂದು ಕೇಳಿದ್ದಕ್ಕೆ ಮೂರನೇ ಸಲ.

ಆ ವರ್ಷ ನನ್ನ ತಲೆ ಹೊಕ್ಕಿದ್ದ ಪ್ರಶ್ನೆ ಇದು: ಯಾವ ಭಾಷೆಗೆ ಎಷ್ಟು ಪಗಾರ? ನಮ್ಮ ಮೇಸ್ತ್ರಿ ಕೊಯಮತ್ತೂರಿನವನು. ಅವನಿಗೆ ಕನ್ನಡ ಬಾರದು. ಆದರೆ ಇಂಗ್ಲಿಷಿನಲ್ಲಿ "ಯೆಸ್ ಸಾರ್", "ನೋ ಪ್ರಾಬ್ಲಂ" ಎಂಬೆರಡು ಮಾತು ಬರುತ್ತವೆ. ಎಲ್ಲರಿಗಿಂತ ಹೆಚ್ಚು ಪಗಾರ ಅವನಿಗೆ. ಕುಲುಮೆ ನೋಡಿಕೊಳ್ಳುವ ಬಿಹಾರದ ಇಬ್ಬರು ಗುತ್ತಿಗೆದಾರನ ಆಳುಗಳು, ನಮ್ಮ ಹಾಜರಿ ಪುಸ್ತಕದಲ್ಲಿ ಇಲ್ಲದವರು. ಅವರಿಗೆ ಹಿಂದಿ ಬಿಟ್ಟು ಬೇರೇನೂ ಬಾರದು. ಪಗಾರ ಹೆಚ್ಚು ಮಾಡಿರೆಂದು ಕೇಳಲು ಭಾಷೆಯಿಲ್ಲದ ಕಾರಣ ಅವರಿಗೆ ಯಾರೂ ಹೆಚ್ಚು ಮಾಡಿರಲಿಲ್ಲ. ಇನ್ನು ಜಮಾಲುದ್ದೀನ್. ಸಾವ್ಕಾರರ ಹತ್ತಿರ ಕನ್ನಡ, ಬಿಹಾರಿಗಳ ಹತ್ತಿರ ಹಿಂದಿ, ಮೇಸ್ತ್ರಿಯ ಹತ್ತಿರ ಅಷ್ಟಿಷ್ಟು ತಮಿಳು, ಮನೆಯಲ್ಲಿ ಉರ್ದು. ಅವನು ಒಂದು ದಿನ ರಜೆ ಹಾಕಿದರೆ ಇಡೀ ಕಾರ್ಖಾನೆ ಮೂಕರ ಮನೆಯಾಗುತ್ತಿತ್ತು. ಎಲ್ಲರಿಗಿಂತ ಕಡಿಮೆ ಪಗಾರ ಅವನಿಗೆ. ನನ್ನ ಸಂಶೋಧನೆ ಅಲ್ಲಿಗೆ ಬಂದು ನಿಂತುಹೋಗಿತ್ತು.

ಕಾರಣ ಮಾತ್ರ ನನಗೆ ಗೊತ್ತಿತ್ತು. ಅದಿದ್ದದ್ದು ಉಜ್ಜನಪ್ಪನವರ ಹಾಜರಿ ಪುಸ್ತಕದಲ್ಲಿ. ಅದರಲ್ಲಿ ಸಹಿ ಮಾಡುವವರಿಗೆ ಒಂದು ಪುಟ, ಹೆಬ್ಬೆಟ್ಟು ಒತ್ತುವವರಿಗೆ ಒಂದು ಪುಟ. ಸಹಿಯ ಪುಟದವರು ಅಚ್ಚು ಮಾಡುವ ಮೋಲ್ಡರುಗಳು, ಹೆಬ್ಬೆಟ್ಟಿನ ಪುಟದವರು ಹೆಲ್ಪರುಗಳು. ಪಗಾರ ಪುಟದ ಹಿಂದೆ ಹೋಗುತ್ತಿತ್ತು, ಕೆಲಸದ ಹಿಂದೆ ಅಲ್ಲ. ಮರಳನ್ನು ಮುಷ್ಟಿಯಲ್ಲಿ ಹಿಡಿದು ಅಚ್ಚು ನಿಲ್ಲುತ್ತದೋ ಒಡೆಯುತ್ತದೋ ಹೇಳಬಲ್ಲ ಜಮಾಲುದ್ದೀನ್ ಹೆಲ್ಪರ್ ಆಗಿದ್ದದ್ದು ಹೀಗೆ. 1989ರಲ್ಲಿ ಅವನು ಕೆಲಸಕ್ಕೆ ಸೇರಿದ ದಿನ ನಾನು ಅಲ್ಲೇ ನಿಂತಿದ್ದೆ. ಅವನು ಪೆನ್ನು ತೆಗೆದುಕೊಂಡು ಬಲದಿಂದ ಎಡಕ್ಕೆ ಚೆಂದವಾಗಿ ತನ್ನ ಹೆಸರು ಬರೆದ. ಉಜ್ಜನಪ್ಪನವರು ಕನ್ನಡಕ ಏರಿಸಿ ನೋಡಿದರು.

"ಏನಪ್ಪ ಇದು?"

"ನನ್ನ ಸಹಿ ರೀ. ಉರ್ದುವಿನಾಗೈತೆ."

"ನೋಡು ತಮ್ಮಾ, ಹಾಜರಿ ಪುಸ್ತಕ ಇರೋದು ನಾನು ಓದಾಕೆ. ನಂಗೆ ಓದಾಕೆ ಬರದಿದ್ದ ಮ್ಯಾಲೆ ಅದು ಸಹಿ ಹೆಂಗಾಗ್ತೈತೆ? ಬರೇ ಗೆರೆ ಆಗ್ತೈತೆ. ಒತ್ತು ಹೆಬ್ಬೆಟ್ಟು."

"ಬ್ಯಾಂಕ್ ಮ್ಯಾನೇಜರ್ ಸಹಿ ನಿಮಗೆ ಓದಾಕೆ ಬರ್ತೈತೇನ್ರಿ?" ಎಂದು ನಾನು ಬಾಯಿ ಹಾಕಿದೆ.

"ಅದು ಇಂಗ್ಲಿಷಿನಾಗೆ ಓದಾಕೆ ಬರಲ್ಲ. ಅದು ಬ್ಯಾರೆ," ಎಂದರು ಉಜ್ಜನಪ್ಪ.

ಜಮಾಲುದ್ದೀನ್ ಹೊಟ್ಟೆಪಾಡು ನೋಡಿಕೊಂಡು ಹೆಬ್ಬೆಟ್ಟು ಒತ್ತಿದ. ಹೆಸರಿನ ಮುಂದೆ ಉಜ್ಜನಪ್ಪನವರು "ಅನಕ್ಷರಸ್ಥ" ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದರು. ಒಂಬತ್ತು ವರ್ಷ ದಿನವೂ ಅವನು ಮಧ್ಯಾಹ್ನ ಬುತ್ತಿ ಬಿಚ್ಚಿ, ಉರ್ದು ಪೇಪರು ಹರಡಿಕೊಂಡು ಓದುತ್ತಿದ್ದದ್ದನ್ನು ಅವರು ಕಂಡಿದ್ದಾರೆ. "ಏನ್ ಜಮಾಲ, ಏನಂತೆ ಸುದ್ದಿ?" ಎಂದು ಕೇಳಿ ತಿಳಿದುಕೊಂಡೂ ಇದ್ದಾರೆ. ಆದರೂ ಪುಸ್ತಕದಲ್ಲಿ ಬರೆದದ್ದು ಬರೆದದ್ದೇ. ಉಜ್ಜನಪ್ಪನವರು ಕೆಟ್ಟವರಲ್ಲ. ಕಣ್ಣಿಗಿಂತ ಪುಸ್ತಕವನ್ನು ಹೆಚ್ಚು ನಂಬುವವರು, ಅಷ್ಟೇ.

ಹಿಂದಿನ ವರ್ಷವಷ್ಟೇ ದಾವಣಗೆರೆ ಹೊಸ ಜಿಲ್ಲೆಯಾಗಿತ್ತು. ಹೊಸ ಕಚೇರಿ, ಹೊಸ ಬೋರ್ಡು, ಹೊಸ ಉತ್ಸಾಹ. "ಸಂಪೂರ್ಣ ಸಾಕ್ಷರ ಕಾರ್ಖಾನೆ" ಎಂಬ ಪ್ರಮಾಣಪತ್ರ ಕೊಡುತ್ತಾರಂತೆ ಎಂದು ನಮ್ಮ ಸಾವ್ಕಾರ ಹಾಲೇಶಪ್ಪನವರ ಕಿವಿಗೆ ಬಿತ್ತು. ಕಚೇರಿಯ ಗೋಡೆಯಲ್ಲಿ ಕ್ಯಾಲೆಂಡರ್ ಪಕ್ಕ ಒಂದು ಜಾಗ ಬಹಳ ದಿನದಿಂದ ಖಾಲಿ ಇತ್ತು. ಏಪ್ರಿಲ್ ಒಂದನೇ ತಾರೀಖು ಎಲ್ಲರನ್ನೂ ಕೂಡಿಸಿ, "ಹೆಬ್ಬೆಟ್ಟಿನ ಪುಟದಾಗೆ ಇರೋರು ಓದು ಬರಹ ಕಲಿತ್ರೆ ಜೂನ್‌ನಿಂದ ಮೋಲ್ಡರ್ ಪಗಾರ ಕೊಡ್ತೀನಿ," ಎಂದು ಘೋಷಿಸಿದರು. ದೊಡ್ಡ ಮನಸ್ಸು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ಆ ಪುಟದಲ್ಲಿ ಉಳಿದಿದ್ದವನು ಒಬ್ಬನೇ, ಜಮಾಲುದ್ದೀನ್.

ಕಲಿಸುವ ಹೊಣೆ ಉಜ್ಜನಪ್ಪನವರದು. ಕಲಿಸಿದವರಿಗೆ ದಾವಣಗೆರೆಯಲ್ಲಿ ಶಾಲು ಹೊದಿಸುತ್ತಾರೆಂದು ಕೇಳಿದಾಗಿನಿಂದ ಅವರು ಆ ಸೆಕೆಯಲ್ಲೂ ಹೆಗಲ ಮೇಲೆ ಟವೆಲನ್ನು ಮಡಿಕೆ ಮಾಡಿ ಹಾಕಿಕೊಂಡು ಓಡಾಡತೊಡಗಿದರು.

ಅಂದು ಸಂಜೆ ಜಮಾಲುದ್ದೀನ್ ನನ್ನ ಸ್ಟೋರಿಗೆ ಬಂದು ಡಬ್ಬದ ಮೇಲೆ ಕೂತ.

"ಬಕ್ಕೇಶಣ್ಣ, ನಂಗೆ ಓದಾಕೆ ಬರ್ತೈತೆ ಅಂತ ಹೇಳಿಬಿಡ್ಲೇನು?"

"ಹೇಳಿದ್ರೆ ಈ ಸ್ಕೀಮಿಗೆ ನೀನು ಬರೋದಿಲ್ಲಲ್ಲೋ. ಅದು ಬರದೇ ಇರೋರಿಗೆ."

"ಬರ್ತೈತೆ ಅಂದ್ರೆ ಪಗಾರ ಇಲ್ಲ. ಬರಲ್ಲ ಅಂದ್ರೆ ಪಗಾರ ಐತೆ. ಎಂಥ ನ್ಯಾಯ ಇದು?" ಎಂದು ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ, "ನುಜತ್ ಹತ್ತನೇ ಕ್ಲಾಸ್ ಪರೀಕ್ಷೆ ಬರ್ದಾಳೆ. ಪಾಸಾಗೋದು ಗ್ಯಾರಂಟಿ. ದಾವಣಗೆರೆ ಕಾಲೇಜಿಗೆ ಹಾಕ್ಬೇಕು ಅಂದ್ರೆ ಮೋಲ್ಡರ್ ಪಗಾರ ಬೇಕು. ಇಲ್ಲಾಂದ್ರೆ ಅವಳೂ ಅವರಮ್ಮನ ಪಕ್ಕ ಬೀಡಿ ಮೊರ ಹಿಡ್ಕೊಂಡು ಕೂಡ್ತಾಳೆ. ಒಂಬತ್ತು ವರ್ಷ ಸುಮ್ನಿದ್ದೆ, ಇನ್ನೊಂದೆರಡು ತಿಂಗ್ಳು ದಡ್ಡ ಆಗಿರ್ತೀನಿ ಬಿಡ್ರಿ."

ನುಂಗುವಂತಿಲ್ಲ, ಉಗುಳುವಂತಿಲ್ಲ, ಬಾಯಲ್ಲಿ ಬಿಸಿ ತುಪ್ಪ. ಒಂಬತ್ತು ವರ್ಷ ನಾನೂ ಸುಮ್ಮನೇ ಇದ್ದೆನಲ್ಲ ಎಂದು ಅವತ್ತು ಮೊದಲ ಸಲ ನಾಚಿಕೆಯಾಯಿತು.

ಪಾಳಿ ಮುಗಿದ ಮೇಲೆ ಅಚ್ಚಿನ ಶೆಡ್ಡಿನಲ್ಲಿ ತರಗತಿ ಶುರುವಾಯಿತು. ಸ್ಲೇಟು ತರಿಸಲು ಸಾವ್ಕಾರರು ಒಪ್ಪದ ಕಾರಣ ಎರಕದ ಮರಳನ್ನೇ ಸಮ ಮಾಡಿ ಬರೆಯುವುದೆಂದು ಆಯಿತು. ಉಜ್ಜನಪ್ಪನವರು ಬಳಪದ ಬದಲು ಮೊಳೆ ಹಿಡಿದು, ಗಂಟಲು ಸರಿಮಾಡಿಕೊಂಡು, "ನಮ್ಮ ಊರಿನಿಂದ್ಲೇ ಶುರು ಮಾಡಾಣ. ಹರಿಹರ. ನಾಲ್ಕಕ್ಷರ. ನಾಳೆ ಬರೋವಾಗ ಕಲ್ತುಕೊಂಡು ಬಾ," ಎಂದು ಬರೆದು ತೋರಿಸಿದರು.

ಮರುದಿನ ಜಮಾಲುದ್ದೀನ್ ಮೊಳೆ ಹಿಡಿದು ಸರಸರನೆ ಬರೆದ. ಉಜ್ಜನಪ್ಪನವರು ಎಡಕ್ಕೆ ಬಾಗಿ ನೋಡಿದರು, ಬಲಕ್ಕೆ ಬಾಗಿ ನೋಡಿದರು, ತಲೆಯ ಮೇಲೆ ಕೈ ಹೊತ್ತು ನನ್ನನ್ನು ಕೂಗಿದರು.

"ಬಕ್ಕೇಶಿ, ಬಾ ಇಲ್ಲಿ. ಕನ್ನಡ ಕಲಿಸಿದ್ರೆ ಉರ್ದು ಬರದಾನೆ ನೋಡು ಇವನು."

ನಾನು ಬಂದು ನೋಡಿದೆ. ಅದು ಉರ್ದು ಅಲ್ಲ. ಎಲ್ಲೋ ಕಂಡ ಹಾಗಿತ್ತು. ಸ್ಟೋರಿಗೆ ಹೋಗಿ ನಾನು ಗಡ್ಡ ಮಾಡಿಕೊಳ್ಳುವ ಕನ್ನಡಿ ತಂದು ಮರಳಿನ ಪಕ್ಕ ಹಿಡಿದೆ. ಕನ್ನಡಿಯೊಳಗೆ ಸ್ಪಷ್ಟವಾಗಿ, ದುಂಡಗೆ, ಉಜ್ಜನಪ್ಪನವರ ಅಕ್ಷರಕ್ಕಿಂತ ಚೆಂದವಾಗಿ "ಹರಿಹರ" ಎಂದಿತ್ತು.

ಜಮಾಲುದ್ದೀನನೇ ಸಂಕೋಚದಿಂದ ವಿವರಿಸಿದ. ನಮ್ಮ ಪ್ರತಿ ಪಂಪಿನ ಹೊಟ್ಟೆಯ ಮೇಲೂ ಊರಿನ ಹೆಸರು, ಕಂಪನಿಯ ಹೆಸರು, ಸಾವ್ಕಾರರ ಮನೆದೇವರ ಹೆಸರು ಉಬ್ಬಿರುತ್ತದೆ. ಎರಕದಲ್ಲಿ ನೆಟ್ಟಗೆ ಬರಬೇಕಾದರೆ ಅಚ್ಚಿನಲ್ಲಿ ಅದು ತಿರುಗುಮುರುಗಾಗಿ ಇರಬೇಕು. ಅಚ್ಚು ಎತ್ತುವಾಗ ಅಕ್ಷರ ಕಿತ್ತುಬಂದರೆ ಮೊಳೆಯಿಂದ ತಿದ್ದುತ್ತಿದ್ದವನು ಇವನೇ, ಒಂಬತ್ತು ವರ್ಷದಿಂದ.

"ಅದು ಕನ್ನಡ ಅಂತ ಗೊತ್ತಿತ್ರಿ. ಆದ್ರೆ ಮರಳು ಕಂಡ್ರೆ ಕೈ ತಾನಾಗೇ ಉಲ್ಟಾ ಹೋಗ್ತೈತೆ," ಎಂದ ಜಮಾಲುದ್ದೀನ್.

ಎಂದರೆ ಅರ್ಧಕ್ಕರ್ಧ ಕನ್ನಡದ ವರ್ಣಮಾಲೆ ಅವನ ಕೈಯಲ್ಲಿ ಆಗಲೇ ಇತ್ತು, ಬೆನ್ನು ತಿರುಗಿಸಿಕೊಂಡು ನಿಂತಿತ್ತು. ಅದನ್ನು ಈ ಕಡೆ ಮುಖ ಮಾಡಿಸುವುದಷ್ಟೇ ಬಾಕಿ. ಮಿಕ್ಕ ಅಕ್ಷರಗಳನ್ನು ಸಂಜೆ ಸಂಜೆ ನುಜತ್ ತನ್ನ ಹಳೆಯ ಪುಸ್ತಕದಿಂದ ಹೇಳಿಕೊಟ್ಟಳು. ಹದಿನೇಳನೇ ದಿನ ಅವನು ಕನ್ನಡ ಪೇಪರಿನಲ್ಲಿ ಅಡಿಕೆಯ ಧಾರಣೆಯಿಂದ ಹಿಡಿದು ನಿಧನವಾರ್ತೆಯ ತನಕ ಓದಿದ.

ಉಜ್ಜನಪ್ಪನವರು ಇದೆಲ್ಲ ತಮ್ಮ ಬೋಧನೆಯ ಮಹಿಮೆ ಎಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಹುಂಜ ಕೂಗಿದ್ದಕ್ಕೇ ಬೆಳಗಾಯಿತೆಂದು ಹುಂಜಕ್ಕೆ ಅನಿಸುವುದು ಸಹಜ. ದಿನವೂ ಅವರು ದಾವಣಗೆರೆಯ ಶಾಮನೂರು ರಸ್ತೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಬರುತ್ತಿದ್ದರು. ಆ ಬಸ್ಸಿನಲ್ಲಿ "ಮರಳು ಪದ್ಧತಿ"ಯ ಮೇಲೆ ಭಾಷಣ ಶುರುವಾಯಿತು. ಅನಕ್ಷರಸ್ಥರಿಗೆ ಮೊದಲು ತಿರುಗುಮುರುಗಾಗಿ ಕಲಿಸಬೇಕು, ಆಮೇಲೆ ಕನ್ನಡಿ ತೋರಿಸಬೇಕು, ಅದೇ ಗುಟ್ಟು ಎಂದರು. ಕಂಡಕ್ಟರ್ ಉಚ್ಚೆಂಗಪ್ಪ ಟಿಕೆಟ್ ಹರಿಯುತ್ತಾ, "ನಮ್ಮನೆ ಎಮ್ಮೆಗೂ ಒಂದೀಟು ಕಲಿಸ್ರಿ ಗುರುಗಳೇ, ಹಾಲು ಕೊಡೋ ಟೈಮು ಓದಿಕೊಳ್ಳೋವಷ್ಟು ಬಂದ್ರೆ ಸಾಕು," ಎಂದ. ಉಜ್ಜನಪ್ಪನವರು ಗಂಭೀರವಾಗಿ, "ಪ್ರಾಣಿಗಳ ಮ್ಯಾಲೆ ಇನ್ನೂ ಪ್ರಯೋಗ ಮಾಡಿಲ್ಲ," ಎಂದರು.

ಬೀದಿಯ ಜನ ಫೇಲಾದ ಮಕ್ಕಳನ್ನು ಕರೆತಂದು ಅವರ ಅಂಗಳದಲ್ಲಿ ಕೂಡಿಸಿದರು. ಮನೆ ಕಟ್ಟುತ್ತಿದ್ದ ಪಕ್ಕದವರ ಮರಳು ಒಂದೇ ವಾರದಲ್ಲಿ ಬೀದಿಗೆಲ್ಲ ಹರಡಿತು. ಒಂದು ಮಗು ತನ್ನ ಹೆಸರನ್ನು ಉಲ್ಟಾ ಬರೆಯಲು ಕಲಿತು ನೆಟ್ಟಗೆ ಬರೆಯುವುದನ್ನು ಮರೆಯಿತು. ಅದರ ಅಜ್ಜಿ ಉಚ್ಚಂಗಮ್ಮ ಬಂದು ಉಜ್ಜನಪ್ಪನವರ ಹೆಂಡತಿಯ ಹತ್ತಿರ ಅರ್ಧ ಗಂಟೆ ಮಾತಾಡಿ ಹೋದರು. ಅವರು ಏನೆಂದರೋ ತಿಳಿಯದು, ಮರುದಿನ ಉಜ್ಜನಪ್ಪನವರ ಬುತ್ತಿಯಲ್ಲಿ ಪಲ್ಯ ಇರಲಿಲ್ಲ. ಅಷ್ಟರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ಅದೇ ಮುಳುವಾಯಿತು.

ಸುದ್ದಿ ಓದಿದ ಸಾಕ್ಷರತಾ ಅಧಿಕಾರಿ ಉಮಾಮಹೇಶ್ವರಿಯವರಿಗೆ ನನ್ನದೇ ಚಾಳಿ. ಯಾಕೆ, ಹೇಗೆ ಎಂದು ಕೇಳುವವರು. ತಮ್ಮ ಇಲಾಖೆಯ ಪುಸ್ತಕ ಮುಗಿಯಲು ಆರು ತಿಂಗಳು ಬೇಕು, ಇದು ಹದಿನೇಳು ದಿನದಲ್ಲಿ ಹೇಗೆ ಸಾಧ್ಯ ಎಂದು ಅವರಿಗೆ ನಿದ್ದೆ ಬರಲಿಲ್ಲವಂತೆ. ಭಾನುವಾರವೆಂದೂ ನೋಡದೆ ಹರಿಹರಕ್ಕೆ ಬಂದು, "ಕಲಿತವರ ಮನೆ ವಾತಾವರಣ ನೋಡ್ಬೇಕು ನಡೀರಿ," ಎಂದರು. ಉಜ್ಜನಪ್ಪನವರು ಇಸ್ತ್ರಿ ಮಾಡಿದ ಟವೆಲ್ ಹೊದ್ದು ಮುಂದೆ ನಡೆದರು. ಭಾನುವಾರ ಜಮಾಲುದ್ದೀನನ ಮನೆಯಲ್ಲಿ ಏನು ನಡೆಯುತ್ತದೆಂದು ನನಗೆ ಗೊತ್ತಿತ್ತು.

ಅವನ ಮನೆ ಮುಂದೆ ಐದಾರು ಹೆಂಗಸರು ಕೂತಿದ್ದರು. ಎಲ್ಲರ ಕೈಯಲ್ಲೂ ವಿಮಾನದ ಚಿತ್ರದ ನೀಲಿ ಕಾಗದ. ಒಳಗೆ ಜಮಾಲುದ್ದೀನ್ ಮಂಡಿಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದ. ನಮ್ಮನ್ನು ಕಂಡು ಪೆನ್ನು ಮುಚ್ಚಿ ಎದ್ದು ನಿಂತ.

"ಬರ್ರಿ, ಕೂಡ್ರಿ," ಎಂದು ಅವನ ಹೆಂಡತಿ ಹಜೀರಾಬೀ ಚಾಪೆ ಹಾಸಿದಳು.

"ಇವರೆಲ್ಲ ಯಾರು?" ಎಂದರು ಅಧಿಕಾರಿ.

ಬಾಗಿಲ ಬಳಿ ಕೂತಿದ್ದ ಮುದುಕಿ ಮಾಬೂಬೀ ಉತ್ತರ ಕೊಟ್ಟಳು. "ನನ್ ಮಗ ಸೌದಿನಾಗೆ ಅದಾನೆ ಯವ್ವಾ. ಜಮಾಲ್ ಬರ್ದುಕೊಡ್ತಾನೆ, ಅವನ ಕಾಗದ ಬಂದ್ರೆ ಓದಿ ಹೇಳ್ತಾನೆ. ಇಪ್ಪತ್ತು ವರ್ಷದಿಂದ ಈ ಓಣಿಗೆಲ್ಲ ಇವನೇ ಬರಿಯೋದು. ಇವನು ಬರ್ದದ್ದು ಓದಿದ್ರೆ ನನ್ ಮಗ ಅಲ್ಲಿ ಕೂತು ಅಳ್ತಾನಂತೆ."

ಅಧಿಕಾರಿ ತಮ್ಮ ಫೈಲು ತೆರೆದು ನೋಡಿದರು. "ಇಲ್ಲಿ ಅನಕ್ಷರಸ್ಥ ಅಂತ ಬರೆದೈತಲ್ಲ?"

"ಅದು ಉರ್ದು ಮೇಡಂ," ಎಂದರು ಉಜ್ಜನಪ್ಪ, ದೊಡ್ಡ ಸಂಶಯ ನಿವಾರಿಸಿದವರ ಹಾಗೆ.

"ಉರ್ದು ಅಕ್ಷರ ಅಲ್ವೇನ್ರಿ?"

"ಅಕ್ಷರಾನೇ. ಆದ್ರೆ ನಮ್ಮ ಕಾರ್ಖಾನೆ ಅಕ್ಷರ ಅಲ್ಲ."

"ಅದನ್ನ ನಿಮಗೆ ಓದಾಕೆ ಬರ್ತೈತಾ?"

"ಇಲ್ಲ ಮೇಡಂ."

"ಅವರಿಗೆ ಕನ್ನಡ ಬರ್ತಿರ್ಲಿಲ್ಲ, ಈಗ ಬಂತು. ನಿಮಗೆ ಉರ್ದು ಬರ್ತಿರ್ಲಿಲ್ಲ, ಈಗ್ಲೂ ಬರಲ್ಲ. ಹಂಗಾದ್ರೆ ಈ ಮನೆಯಾಗೆ ಈಗ ಅನಕ್ಷರಸ್ಥರು ಯಾರ್ರೀ?"

ಉಜ್ಜನಪ್ಪನವರು ಹಿಂದೆ ಮುಂದೆ ನೋಡಿದರು. ಯಾರೂ ಸಿಗಲಿಲ್ಲ.

ಜಮಾಲುದ್ದೀನ್ ಕೈಮುಗಿದ. "ಮೇಡಮ್ಮಾರೆ, ನಂಗೇನೂ ಬರ್ತಿರ್ಲಿಲ್ಲ ಅಂತಾನೇ ಬರ್ಕೊಳ್ರಿ. ಇದು ಬರೇ ಗೆರೆ. ಮಗಳನ್ನ ಕಾಲೇಜಿಗೆ ಸೇರಿಸಾದೈತೆ."

"ಯಾಕ ಹಂಗಂತೀರಿ?" ಎಂದಳು ಹಜೀರಾಬೀ. ಅಷ್ಟು ಜನರ ಮುಂದೆ ಅವಳು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. "ನಿಮ್ ಕಾಗದ ಓದಿ ಓಣಿಯೆಲ್ಲ ಬದುಕೇತೆ. ಕಾರ್ಖಾನೆಯೋರು ದಿನಾ ಹೆಬ್ಬೆಟ್ಟಿಗೆ ಮಸಿ ಬಳಿದು ಕಳಿಸ್ತಾರೆ. ಆ ಕೈಲಿ ಊಟ ಮಾಡೋವಾಗ ನಂಗೆ ಹೊಟ್ಟೆ ಉರೀತೈತೆ. ನನ್ ಮಗಳ ಕಾಲೇಜು ಹೋದ್ರೂ ಚಿಂತಿಲ್ಲ, ನಮ್ಮೆಜಮಾನ್ರು ದಡ್ಡ ಅಂತ ಮಾತ್ರ ಬರಿಬ್ಯಾಡ್ರಿ."

ಪರದೆಯ ಹಿಂದೆ ನುಜತ್ ನಿಂತಿದ್ದಳು. ಯಾರೂ ಅವಳ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅಧಿಕಾರಿ ನೇರ ಸಾವ್ಕಾರರ ಕಚೇರಿಗೇ ಬಂದರು. ನಮ್ಮನ್ನೆಲ್ಲ ಕರೆಸಿದರು. ವಿಷಯ ಕೇಳಿದ ಹಾಲೇಶಪ್ಪನವರು ಕೈ ತೊಳೆದುಕೊಂಡವರಂತೆ ಹೇಳಿದರು, "ಮೊದ್ಲೇ ಓದು ಬರ್ತಿತ್ತು ಅಂದ್ಮ್ಯಾಲೆ ಸ್ಕೀಮ್ ಇಲ್ಲ. ಮೋಲ್ಡರ್ ಪಗಾರ ಹೆಂಗ್ ಕೊಡ್ಲಿ?"

"ಸ್ಕೀಮ್ ಬ್ಯಾಡ ಬಿಡ್ರಿ," ಎಂದರು ಅಧಿಕಾರಿ. "ಓದು ಬರೋ ಮನುಷ್ಯ, ಅಚ್ಚು ಮಾಡೋ ಮನುಷ್ಯ, ಒಂಬತ್ತು ವರ್ಷ ಹೆಬ್ಬೆಟ್ಟಿನ ಪುಟದಾಗೆ ಯಾಕಿದ್ದ? ನಂಗೆ ಅದೊಂದು ಹೇಳ್ರಿ. ಕಾರ್ಮಿಕ ಇಲಾಖೆಯೋರು ಕೇಳಿದ್ರೆ ಹೇಳಾಕೆ ಬೇಕು."

ಹಾಲೇಶಪ್ಪನವರು ಕುರ್ಚಿಯಲ್ಲಿ ನೆಟ್ಟಗಾದರು. ಕ್ಷಣಾರ್ಧದಲ್ಲಿ ಅವರ ಅಭಿಪ್ರಾಯ ಬದಲಾಯಿತು. "ಹಂಗಾದ್ರೆ ಅವನಿಗೆ ಓದು ಬರ್ತಿರ್ಲಿಲ್ಲ. ನಮ್ಮ ಉಜ್ಜನಪ್ಪನೇ ಕಲಿಸಿದ್ದು. ಪೇಪರ್‌ನಾಗೆ ಬಂದೈತಲ್ಲ?"

ಹಿಂದಿನ ನಿಮಿಷ ಓದು ಬರುತ್ತಿತ್ತೆಂದು ಪಗಾರ ತಪ್ಪಿಸಿದವರು, ಈ ನಿಮಿಷ ಬರುತ್ತಿರಲಿಲ್ಲವೆಂದು ವಾದಿಸಿದರು. ಜಮಾಲುದ್ದೀನನ ಓದು ಮೇಜಿನ ಈ ತುದಿಯಿಂದ ಆ ತುದಿಗೆ ಹೋಗಿ ಬಂದು ಮಾಡುತ್ತಿತ್ತು. ಅವನು ಮಾತ್ರ ಬಾಗಿಲ ಬಳಿ ನಿಂತೇ ಇದ್ದ.

"ಬರ್ತಿರ್ಲಿಲ್ಲ, ಈಗ ಕಲ್ತಾನೆ ಅಂದ್ರೆ ನೀವು ಮಾತು ಕೊಟ್ಟಂಗೆ ಮೋಲ್ಡರ್ ಪಗಾರ," ಎಂದರು ಅಧಿಕಾರಿ. "ಮೊದ್ಲೇ ಬರ್ತಿತ್ತು ಅಂದ್ರೆ ಒಂಬತ್ತು ವರ್ಷದ ಬಾಕಿ ಸಮೇತ ಮೋಲ್ಡರ್ ಪಗಾರ. ಯಾವ್ದು ಬರ್ಕೊಳ್ಳಿ?"

ಸಾವ್ಕಾರರು ಉಜ್ಜನಪ್ಪನವರ ಕಡೆ ತಿರುಗಿದರು. "ಯಾರ ರೂಲು ಇದು, ಉರ್ದು ಸಹಿ ಸಹಿ ಅಲ್ಲ ಅಂತ?"

ಇಲ್ಲಿ ಉಜ್ಜನಪ್ಪನವರು ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಅವರು ಭಾನುವಾರ ರಾತ್ರಿ ಉಂಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಂದೇ ರೂಲು ಸಾವ್ಕಾರ್ರೆ. ಓದಾಕೆ ಬರದೇ ಇದ್ದದ್ದು ನಂಗೆ. ಬರ್ದಿದ್ದು ಅವನ ಹೆಸರಿನ ಮುಂದೆ."

ಕಡೆಗೆ ಹಾಲೇಶಪ್ಪನವರು, "ಜೂನ್‌ನಿಂದ ಮೋಲ್ಡರ್. ಹಳೇದು ಕೆದಕೋದು ಬ್ಯಾಡ," ಎಂದರು. ಜಮಾಲುದ್ದೀನ್ ಒಪ್ಪಿದ. ಒಂಬತ್ತು ವರ್ಷ ಹೋದದ್ದು ಹೋಯಿತು. ಅದನ್ನು ಯಾರೂ ಕೊಡಲಿಲ್ಲ, ನಾನು ಇಲ್ಲಿ ಬರೆದಿಡುತ್ತಿರುವುದು ಬಿಟ್ಟರೆ ಬೇರೆಲ್ಲೂ ಅದರ ದಾಖಲೆಯಿಲ್ಲ. ಕಾಲೇಜು ಶುರುವಾದ ಮೊದಲ ದಿನ ನುಜತ್ ದಾವಣಗೆರೆಯ ಬಸ್ಸು ಹತ್ತಿದಳು. ಕಂಡಕ್ಟರ್ ಉಚ್ಚೆಂಗಪ್ಪ ಸೀಟು ಬಿಡಿಸಿಕೊಟ್ಟನಂತೆ.

ಆದರೆ ಪ್ರಮಾಣಪತ್ರದ ಜಾಗ ಗೋಡೆಯ ಮೇಲೆ ಖಾಲಿಯೇ ಉಳಿದಿತ್ತು. ಹೊಸದಾಗಿ ಅಕ್ಷರ ಕಲಿತವರು ಒಬ್ಬರಾದರೂ ಇಲ್ಲದೆ ಕೊಡಲು ಬರುವುದಿಲ್ಲ ಎಂದು ಅಧಿಕಾರಿ ಹೇಳಿದ್ದರು. ಮೊದಲೇ ಓದು ಬರುತ್ತಿದ್ದವನೆಂದು ಜಮಾಲುದ್ದೀನನ ಹೆಸರು ಹೊಡೆದ ಮೇಲೆ ಯಾರನ್ನು ಹಾಕುವುದು? ಎಲ್ಲರೂ ಯೋಚಿಸಿ ಯೋಚಿಸಿ ಕೊನೆಗೆ ಒಬ್ಬರ ಕಡೆಗೇ ನೋಡಿದರು. ಫಾರಂನಲ್ಲಿ ಅಧಿಕಾರಿ ತಮ್ಮ ಕೈಯಾರೆ ಬರೆದರು: ಕಲಿಯುವವರು, ಉಜ್ಜನಪ್ಪ. ಭಾಷೆ, ಉರ್ದು. ಕಲಿಸುವವರು, ಜಮಾಲುದ್ದೀನ್.

ಅದೇ ಶೆಡ್ಡು, ಅದೇ ಮರಳು. ಐವತ್ತೆರಡರ ವಯಸ್ಸಿನಲ್ಲಿ ಉಜ್ಜನಪ್ಪನವರು ಬಲದಿಂದ ಎಡಕ್ಕೆ ಹೋಗುವಷ್ಟರಲ್ಲಿ ಎರಡು ಸಲ ಬೆವರೊರೆಸಿಕೊಳ್ಳುತ್ತಿದ್ದರು. ಹದಿನೇಳು ದಿನ ಕಳೆಯಿತು, ನಲವತ್ತು ದಿನ ಕಳೆಯಿತು. "ಜಮಾಲುದ್ದೀನ್ ಸಾಬ್ರೆ, ಇದಕ್ಕೆ ಚುಕ್ಕೆ ಮ್ಯಾಲೋ ಕೆಳಗೋ?" ಎಂದು ಕೇಳುವ ದನಿ ಸಂಜೆ ಸ್ಟೋರಿನ ತನಕ ಕೇಳುತ್ತಿತ್ತು. ಒಂಬತ್ತು ವರ್ಷ ಬರೇ "ಜಮಾಲ" ಆಗಿದ್ದವನು ಸಾಬ್ರಾದದ್ದು ಯಾವ ದಿನದಿಂದ ಎಂದು ನಾನು ಗಮನಿಸಲಿಲ್ಲ.

ಕಡೆಗೆ ಅಂತಿಮ ದಿನ ಫಾರಂನ ಮೇಲೆ ಉಜ್ಜನಪ್ಪನವರು ಉಸಿರು ಬಿಗಿಹಿಡಿದು ಉರ್ದುವಿನಲ್ಲಿ ತಮ್ಮ ಹೆಸರು ಬರೆದು, ಹೆಮ್ಮೆಯಿಂದ ಗುರುಗಳ ಮುಂದೆ ಇಟ್ಟರು. ಜಮಾಲುದ್ದೀನ್ ಕಾಗದವನ್ನು ಹತ್ತಿರ ಹಿಡಿದ, ದೂರ ಹಿಡಿದ. ನನ್ನ ಕನ್ನಡಿ ಕೇಳಿ ಇಸಿದುಕೊಂಡು ಅದರಲ್ಲೂ ನೋಡಿದ.

"ಭಾಳ ಚಂದ ಬರ್ದೀರಿ ಸಾರ್. ಆದ್ರೆ ನಂಗೆ ಓದಾಕೆ ಬರ್ವಲ್ದು," ಎಂದು ಹೇಳಿ, ಮೇಜಿನ ಮೇಲಿದ್ದ ಮಸಿಯ ಪ್ಯಾಡನ್ನು ಮೆಲ್ಲಗೆ ಅವರ ಮುಂದಕ್ಕೆ ತಳ್ಳಿದ.

ಉಜ್ಜನಪ್ಪನವರು ಪ್ಯಾಡನ್ನು ನೋಡಿದರು, ಅವನ ಮುಖ ನೋಡಿದರು. ಹೆಬ್ಬೆಟ್ಟು ಒತ್ತಿದರು. ಆಮೇಲೆ ನಲ್ಲಿಯ ಬಳಿ ಹೋಗಿ ಸೋಪು ಹಚ್ಚಿ ತಿಕ್ಕಿದರು, ಮರಳು ಹಚ್ಚಿ ತಿಕ್ಕಿದರು. ಮಸಿ ಉಗುರಿನ ಸಂದಿಯಲ್ಲಿ ಹಾಗೇ ಕೂತಿತ್ತು.

"ಸಾಬ್ರೆ, ಇದು ಹೋಗಾಕೆ ಎಷ್ಟು ದಿನ ಹಿಡೀತೈತೆ?" ಎಂದು ಕೇಳಿದರು.

ಜಮಾಲುದ್ದೀನ್ ಟವೆಲ್ ಚಾಚಿದ. "ನಂಗೆ ಒಂಬತ್ತು ವರ್ಷ ಹಿಡೀತು ರೀ."